ಅಪ್ಪನ ಬಾಯಲ್ಲಿ ಉಳಿದ ‘ಅದೇ’

ಹೋದ ವರ್ಷ ರೋಬಸ್ಟ ಕುಯ್ಲು ಮುಗಿಯೋ ಹೊತ್ತಲ್ಲಿ ಅಪ್ಪಂಗೆ ಸ್ಟ್ರೋಕ್ ಆಯ್ತು. ಬೆಳಿಗ್ಗೆ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ರು, ಲೋಟ ಕೈಯಿಂದ ಜಾರ್ತು, ಒಳಗಿಂದ ಅಮ್ಮ ಏನಾಯ್ತ್ರೀ ಅಂತ ಕೂಗಿದ್ದಕ್ಕೆ "ಅದೇ" ಅಂದ್ರಂತೆ. ಅಮ್ಮ ಹೊರಗೆ ಬಂದು ನೋಡಿದ್ರೆ ಬಲಗೈ ಜೋತು ಬಿದ್ದಿದೆ, ಬಾಯಿ ಒಂದ್ಕಡೆ ವಾಲಿದೆ, ಏನ್ ಕೇಳಿದ್ರೂ "ಅದೇ, ಅದೇ". ಲಕ್ವ ಹೊಡ್ದಿದೆ, ಎಣ್ಣೆ ತಿಕ್ಕಿದ್ರೆ ಸರಿಹೋಗತ್ತೆ ಅಂತ ಯಾರೋ ಅಂದು ಅದ್ರಲ್ಲೇ ಮೂರು ಗಂಟೆ ಹೋಯ್ತು, ಆಮೇಲೆ ಜೀಪಲ್ಲಿ ಮಲಗಿಸ್ಕೊಂಡು ಸಕಲೇಶಪುರ ದಾಟಿ ಹಾಸನಕ್ಕೆ ಬರೋಷ್ಟ್ರಲ್ಲಿ, ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್‌ಗೆ ಹೊತ್ತು ಮೀರಿತ್ತು. ಅದನ್ನ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ಈ ಪೋಸ್ಟಲ್ಲಿ ಬೇರೆ ಏನ್ ಮರೆತ್ರೂ ಪರವಾಗಿಲ್ಲ, ಇದೊಂದು ದಯವಿಟ್ಟು ನೆನಪಿಟ್ಕೊಳ್ಳಿ, ಬಾಯಿ ವಾಲಿದ್ರೆ, ಕೈ ಬಿದ್ರೆ, ಮಾತು ತೊದಲಿದ್ರೆ ಮೊದಲು ಗಾಡಿ ಹುಡುಕಿ.

ಅಪ್ಪ ಹಾನುಬಾಳ್ ಕಡೆ ಒಂದು ಎಸ್ಟೇಟಲ್ಲಿ 34 ವರ್ಷ ರೈಟರ್ ಆಗಿದ್ದೋರು. ತೋಟದ ಕಡೆ ಇಲ್ಲದೋರಿಗೆ ಹೇಳ್ತೀನಿ, ರೈಟರ್ ಅಂದ್ರೆ ಕಥೆ ಬರೆಯೋರಲ್ಲ, ಬೆಳಿಗ್ಗೆ ಚೆಕ್ ರೋಲ್ ಹಿಡ್ಕೊಂಡು ಹಾಜರಿ ಕೂಗೋರು, ಸಂಜೆ ಕಣದಲ್ಲಿ ಯಾರು ಎಷ್ಟು ಹಣ್ಣು ಕುಯ್ದ್ರು ಅಂತ ತೂಕ ಬರ್ಕೊಳ್ಳೋರು, ಶನಿವಾರ ಬಟವಾಡೆ ಮಾಡೋರು. ಅಂದ್ರೆ ದಿನ ಬೆಳಗಾದ್ರೆ ಬಾಯಿ ಮತ್ತೆ ಲೆಕ್ಕ, ಎರಡೇ ಅವ್ರ ಬಂಡವಾಳ. ಮನೇಲಿ ಕನ್ನಡ, ಘಟ್ಟದ ಕೆಳಗಿಂದ ಬಂದು ಲೈನ್ ಮನೇಲಿರೋರ ಹತ್ರ ತುಳು, ತಮಿಳ್ನೋರ ಹತ್ರ ಅರ್ಧಂಬರ್ಧ ತಮಿಳು. ಇಂಥಾ ಮನುಷ್ಯನ ಬಾಯಲ್ಲಿ ಉಳ್ಕೊಂಡಿದ್ದು "ಅದೇ" ಒಂದೇ. ನೀರು ಬೇಕಾದ್ರೂ ಅದೇ, ಬೇಡ ಅಂದ್ರೂ ಅದೇ, ನನ್ನ ಹೆಸರೂ ಅದೇ. ಆದ್ರೆ ಒಂದೊಂದು ‘ಅದೇ’ಗೂ ಬೇರೆ ಬೇರೆ ರಾಗ ಇತ್ತು, ಸಿಟ್ಟಿಂದು ಕೆಳಗಿಂದ ಮೇಲೆ ಏರೋದು, ಬೇಜಾರಿಂದು ಎಳೆದು ಎಳೆದು ಕೊನೇಲಿ ಸುಮ್ನಾಗೋದು. ಹದಿನೈದು ದಿನದಲ್ಲಿ ಅಮ್ಮಂಗೆ ಎಲ್ಲಾ ರಾಗನೂ ಗೊತ್ತಾಗ್ಬಿಡ್ತು.

ಹಾಸನದಲ್ಲಿ ಸ್ಕ್ಯಾನ್ ತೋರಿಸಿ ಡಾಕ್ಟರ್ ಎಡಗಡೆ ಮೆದುಳಲ್ಲಿ ಒಂದು ಜಾಗಕ್ಕೆ ರಕ್ತ ಹೋಗಿಲ್ಲ ಅಂದ್ರು, ಹಿಂಗೆ ಮೆದುಳು ಕೆಟ್ಟು ಮಾತು ಹೋಗೋದಕ್ಕೆ ಅಫೇಸಿಯಾ ಅಂತಾರೆ ಅಂತ ಒಂದು ಪದ ಹೇಳಿ ಮುಂದಿನ ಬೆಡ್‌ಗೆ ಹೋದ್ರು. ಆ ಪದ ಹಿಡ್ಕೊಂಡು ನಾನು ಆಸ್ಪತ್ರೆ ಕಾರಿಡಾರಲ್ಲೇ ಓದೋಕೆ ಶುರು ಮಾಡ್ದೆ, ಇವತ್ತಿಗೂ ನಿಲ್ಸಿಲ್ಲ. ಓದಿದ ಮೊದಲ ರಾತ್ರಿನೇ ಸಿಕ್ಕಿದ್ದು ಅಪ್ಪನ ಥರದ್ದೇ ಇನ್ನೊಬ್ಬ ಮನುಷ್ಯ. ಪ್ಯಾರಿಸ್ ಹತ್ರದ ಬಿಸೆತ್ರ ಆಸ್ಪತ್ರೆಲಿ 21 ವರ್ಷದಿಂದ ಇದ್ದ ಲೆಬೋರ್ನ್ಯ ಅಂತ, ಶೂ ಹೊಲಿಯೋಕೆ ಬೇಕಾಗೋ ಮರದ ಅಚ್ಚು ಮಾಡ್ತಿದ್ದೋನು, ಅವನ ಬಾಯಲ್ಲಿ ಉಳಿದಿದ್ದು "ತಾಂ" ಅನ್ನೋ ಒಂದೇ ಸದ್ದು, ಅದನ್ನೇ ಎರಡೆರಡು ಸಲ ಹೇಳ್ತಿದ್ದ, ಆಸ್ಪತ್ರೆಲಿ ಎಲ್ಲಾ ಅವನನ್ನ ತಾಂ ಅಂತಲೇ ಕರೀತಿದ್ರು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಒಂದು ಬೈಗುಳ ಪೂರ್ತಿಯಾಗಿ ಬರ್ತಿತ್ತಂತೆ. ಕಾಲಿನ ಸೋಂಕು ಅಂತ ಅವನನ್ನ ಪಾಲ್ ಬ್ರೋಕಾ ಅನ್ನೋ ಸರ್ಜನ್ ಹತ್ರ ತಂದ್ರು, ಸ್ವಲ್ಪ ದಿನಕ್ಕೇ ತೀರ್ಕೊಂಡ, 1861ರ ಏಪ್ರಿಲ್‌ನಲ್ಲಿ. ಬ್ರೋಕಾ ಅವನ ಮೆದುಳು ತೆಗೆದು ನೋಡಿದ್ರೆ ಎಡಗಡೆ ಮುಂಭಾಗದಲ್ಲಿ ಕೆಟ್ಟಿತ್ತು. ಇನ್ನೂ ಇಂಥ ರೋಗಿಗಳನ್ನ ನೋಡಿ 1865ರಲ್ಲಿ ಬ್ರೋಕಾ ಹೇಳಿದ್ದು, ನಾವು ಮಾತಾಡೋದು ಎಡ ಮೆದುಳಿಂದ ಅಂತ. ಬಲಗೈ ಬಳಸೋರಲ್ಲಿ 100ಕ್ಕೆ ಸುಮಾರು 95 ಜನಕ್ಕೆ ಇದು ನಿಜ, ಎಡಚರಲ್ಲೂ ಮುಕ್ಕಾಲು ಪಾಲಿನ ಹತ್ರ ಹತ್ರ. ಎಡ ಮೆದುಳೇ ಬಲಗೈನೂ ಆಡಿಸೋದು, ಅದಕ್ಕೇ ಅಪ್ಪಂಗೆ ಬಲಗೈ ಮತ್ತೆ ಮಾತು ಎರಡೂ ಒಟ್ಟಿಗೆ ಹೋಗಿದ್ದು.

ನನಗೆ ಜಾಸ್ತಿ ನಾಟಿದ್ದು ಬ್ರೋಕಾ ಬರೆದ ಇನ್ನೊಂದು ವಿಷಯ. ಆಸ್ಪತ್ರೆಗೆ ಬಂದು ಎಷ್ಟು ವರ್ಷ ಆಯ್ತು ಅಂತ ಲೆಬೋರ್ನ್ಯನ ಕೇಳಿದ್ರಂತೆ. ಅವನು ಕೈ ಬಿಚ್ಚಿ ಐದು ಬೆರಳು ತೋರಿಸ್ದ, ನಾಲ್ಕು ಸಲ, ಆಮೇಲೆ ಒಂದೇ ಒಂದು ಬೆರಳು. ಇಪ್ಪತ್ತೊಂದು. ಸರಿಯಾದ ಲೆಕ್ಕ. ಮಾತಿಲ್ಲದ ಆ ಮನುಷ್ಯ ಅಷ್ಟೂ ವರ್ಷ ಎಣಿಸ್ತಾ ಕೂತಿದ್ದ.

ಇದನ್ನ ನಾನು ಊರಲ್ಲಿ ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಲ್ಲ, ಯಾಕಂದ್ರೆ ಮನೆಗೆ ನೋಡೋಕೆ ಬಂದೋರೆಲ್ಲ ಹೇಳ್ತಿದ್ದು ಒಂದೇ, ಪಾಪ ರೈಟ್ರಿಗೆ ಬುದ್ಧಿ ಹೋಗ್ಬಿಟ್ಟಿದೆ. ಅಪ್ಪನ ಎದುರಿಗೇ ಹೇಳೋರು. ದೊಡ್ಡಪ್ಪ ಒಬ್ರು ಬಂದು ಅಪ್ಪನ ಪಕ್ಕ ಕೂತು ಮಗೂಗೆ ಮಾತಾಡಿಸ್ದಂಗೆ ಜೋರಾಗಿ "ಊಟಾ ಆಯ್ತಾ, ಊಟಾ" ಅಂದ್ರು, ಅಪ್ಪ ಮುಖ ತಿರುಗಿಸಿ ಗೋಡೆ ನೋಡಿದ್ರು. ಅಪ್ಪಂಗೆ ಕಿವಿ ಚೆನ್ನಾಗೇ ಕೇಳತ್ತೆ. ಇನ್ನೊಂದು ದಿನ ಪೆನ್ಷನ್ ಸಂಬಂಧ ಒಂದು ಆಫೀಸಿಗೆ ಕರ್ಕೊಂಡು ಹೋಗಿದ್ವಿ, ಯಾವ ಆಫೀಸು ಅಂತ ಬೇಡ, ಅಲ್ಲಿದ್ದೋರು ಅಪ್ಪನ ಮುಖ ಸಹ ನೋಡ್ದೆ ನನ್ನ ಹತ್ರ "ಇವ್ರಿಗೆ ಅರ್ಥ ಆಗತ್ತಾ? ಆಗ್ದೇ ಇದ್ರೆ ಹೆಬ್ಬೆಟ್ಟು ಒತ್ತಿಸ್ಬಿಡಿ" ಅಂದ್ರು. ಮೂವತ್ತನಾಲ್ಕು ವರ್ಷ ಬೇರೆಯೋರ ಹೆಬ್ಬೆಟ್ಟು ಒತ್ತಿಸ್ಕೊಂಡು ಕೂಲಿ ಕೊಟ್ಟ ಮನುಷ್ಯ ಅದು. ಅಪ್ಪ ಎಡಗೈಲಿ ಪೆನ್ ಕಿತ್ಕೊಂಡು, ಕೈ ನಡುಗ್ತಾ ನಡುಗ್ತಾ, ಎರಡು ನಿಮಿಷ ತಗೊಂಡು ಸೈನ್ ಹಾಕಿದ್ರು. ಹಳೇ ಸೈನ್ ಥರ ಇರ್ಲಿಲ್ಲ, ಒಪ್ಪಲ್ಲ ಅಂದ್ರು. ವಾಪಸ್ ಬರ್ವಾಗ ಬಸ್ಸಲ್ಲಿ ಇಡೀ ದಾರಿ ಒಂದು ‘ಅದೇ’ನೂ ಬರ್ಲಿಲ್ಲ ಅವ್ರ ಬಾಯಿಂದ.

ಇನ್ನು ನಾಲಿಗೆ ಔಷಧಿಯೋರು. ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಮಾತು ಬರತ್ತೆ ಅಂತ ಹೇಳ್ದೋರು ಕಡಿಮೆ ಅಂದ್ರೂ ಹತ್ತು ಜನ. ಪ್ರೀತಿಯಿಂದಲೇ ಹೇಳೋದು, ನನಗೆ ಗೊತ್ತು. ಆದ್ರೆ ಅಪ್ಪನ ನಾಲಿಗೆಗೆ ಏನೂ ಆಗಿಲ್ಲ. ಎಲೆ ಅಡಿಕೆ ಹಾಕ್ಕೊಂಡು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ತಾರೆ, ಸೀಟಿ ಹೊಡೀತಾರೆ, ನಾಯಿನ ಕರೀತಾರೆ ತ್ಚು ತ್ಚು ಅಂತ. ಕೆಟ್ಟಿರೋದು ನಾಲಿಗೆ ಅಲ್ಲ, ನಾಲಿಗೆಗೆ ಏನ್ ಹೇಳ್ಬೇಕು ಅಂತ ಪದ ಹುಡುಕಿ ಜೋಡಿಸಿ ಕಳಿಸೋ ಜಾಗ. ಇದಕ್ಕೆ ನಾನು ಓದಿದ್ರಲ್ಲೇ ಗಟ್ಟಿ ಸಾಕ್ಷಿ ಕಿವುಡರದ್ದು. ಅಮೆರಿಕದಲ್ಲಿ ಪೊಯಿಜ್ನರ್, ಕ್ಲೀಮಾ, ಬೆಲ್ಲೂಗಿ ಅಂತ ಮೂವರು, ಹುಟ್ಟಿನಿಂದ ಕೈಸನ್ನೆ ಭಾಷೆಲೇ ಬೆಳೆದ ಕಿವುಡರಿಗೆ ಸ್ಟ್ರೋಕ್ ಆದಾಗ ಏನಾಗತ್ತೆ ಅಂತ ವರ್ಷಗಟ್ಲೆ ನೋಡಿ 1987ರಲ್ಲಿ ಬರೆದ್ರು. ಎಡ ಮೆದುಳು ಕೆಟ್ಟೋರಿಗೆ ಸನ್ನೆನೇ ತೊದಲತ್ತೆ, ಸನ್ನೆಯ ವ್ಯಾಕರಣ ಕಳಚ್ಕೊಳ್ಳತ್ತೆ, ಕೈ ಬೇರೆ ಕೆಲಸಕ್ಕೆ ಚೆನ್ನಾಗೇ ಇದ್ರೂ. ಬಲ ಮೆದುಳು ಕೆಟ್ಟೋರಿಗೆ ಚಿತ್ರ ಬರೆಯೋದು, ಜಾಗದ ಅಂದಾಜು ಎಲ್ಲಾ ತಪ್ಪೋಗಿರತ್ತೆ, ಸನ್ನೆ ಮಾತ್ರ ಸರಾಗ. ಬಾಯೇ ಬಳಸದ ಭಾಷೆನೂ ಅದೇ ಎಡಗಡೆ ಮನೇಲೇ ವಾಸ ಅಂದ್ಮೇಲೆ, ನಾಲಿಗೆಗೆ ಬಜೆ ತಿಕ್ಕಿ ಏನ್ ಮಾಡೋದು ಹೇಳಿ.

ಈಗ ಅಟ್ಟದ ವಿಷಯಕ್ಕೆ ಬರ್ತೀನಿ, ಈ ಪೋಸ್ಟ್ ಬರೀಬೇಕು ಅನ್ನಿಸಿದ್ದೇ ಅದಕ್ಕೆ.

ಸ್ಟ್ರೋಕ್ ಆಗಿ ನಾಲ್ಕನೇ ತಿಂಗಳು, ಮಳೆ ಹಿಡ್ಕೊಂಡು ಹೊಡೀತಿತ್ತು, ಕರೆಂಟ್ ಇಲ್ಲ, ಅಪ್ಪ ಮೂರು ದಿನದಿಂದ ಮೇಲೆ ಕೈ ತೋರಿಸಿ "ಅದೇ, ಅದೇ" ಅಂತ ಶುರು ಮಾಡಿದ್ರು. ಸೂರು ಸೋರ್ತಿದ್ಯಾ ಅಂತ ಹೆಂಚು ನೋಡಿದ್ವಿ. ಕಂಬಳಿ ಬೇಕಾ ಅಂದ್ವಿ. ಅಜ್ಜನ ಫೋಟೋ ಇಳಿಸಿ ಕೊಟ್ವಿ. ಎಲ್ಲಾದಕ್ಕೂ ಅದೇ ಸಿಟ್ಟಿನ ‘ಅದೇ’. ಮೂರನೇ ದಿನ ನಾನು ಅಟ್ಟ ಹತ್ತಿ ಒಂದೊಂದೇ ಸಾಮಾನು ಎತ್ತಿ ತೋರಿಸ್ತಾ ಬಂದೆ, ಅಪ್ಪ ಕೆಳಗಿಂದ ತಲೆ ಅಲ್ಲಾಡಿಸ್ತಾ ಬಂದ್ರು, ಕೊನೆಗೆ ತಗಡಿನ ಟ್ರಂಕ್ ಮುಟ್ಟಿದ್ದೇ ತಡ, ಸುಮ್ನಾದ್ರು. ಇಳಿಸಿದ್ವಿ. ಒಳಗೆ ಅವ್ರ ಕೈಬರಹದ ಹಳೇ ಲೆಕ್ಕದ ಪುಸ್ತಕಗಳು, ಎಸ್ಟೇಟಿಂದಲ್ಲ, ಅವ್ರು ತಮಗೋಸ್ಕರ ಇಟ್ಕೊಂಡಿದ್ದ ನಕಲು, ಗೆದ್ದಲು ಹಿಡೀದಂಗೆ ಬೇವಿನ ಸೊಪ್ಪು ಹಾಕಿಟ್ಟಿದ್ದು. ಎಡಗೈಲಿ ಒಂದೊಂದೇ ಪುಟ ಮಗುಚಿದ್ರು. ಮುಕ್ಕಾಲು ಗಂಟೆ. ಅಮ್ಮ ಲ್ಯಾಂಪ್ ಹಿಡ್ಕೊಂಡು ನಿಂತಿದ್ರು. ಒಂದು ಪುಟದಲ್ಲಿ ಬೆರಳು ಇಟ್ರು, ಮುಂದಿನ ವಾರದ ಪುಟ ತೆಗೆದು ಅಲ್ಲೂ ಬೆರಳು ಇಟ್ರು. ಒಬ್ಬ ಹೆಣ್ಣಾಳಿನ ಹೆಸರಿನ ಮುಂದೆ ಅಡ್ವಾನ್ಸ್ ಕಟಾವು 1,200. ಮುಂದಿನ ಬಟವಾಡೆಲೂ ಅದೇ ಹೆಸರು, ಅದೇ 1,200. ಒಂದೇ ಅಡ್ವಾನ್ಸ್, ಎರಡು ಸಲ ಹಿಡಿದಿದಾರೆ. ಅಪ್ಪ ರಿಟೈರ್ ಆದ ವರ್ಷದ ಲೆಕ್ಕ ಅದು. ಪೆನ್ಸಿಲ್ ಕೊಟ್ಟೆ. ಎರಡನೇ 1,200ರ ಸುತ್ತ ಗೆರೆ ಎಳೆದು, ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಪಕ್ಕದಲ್ಲಿ ವಕ್ರ ವಕ್ರವಾಗಿ 2000 ಅಂತ ಬರೆದ್ರು. ಆಮೇಲೆ ನನ್ನ ಮುಖ ನೋಡಿ ಲೈನ್ ಮನೆ ಇರೋ ದಿಕ್ಕಿಗೆ ಕೈ ತೋರಿಸಿದ್ರು, "ಅದೇ" ಅಂದ್ರು, ಈ ಸಲ ಮೆತ್ತಗೆ.

ಯೋಚ್ನೆ ಮಾಡಿ ನೋಡಿ ಅದ್ರಲ್ಲಿ ಏನೇನಿದೆ ಅಂತ. ಎಷ್ಟೋ ವರ್ಷದ ಹಿಂದಿಂದು ನೆನಪು, ತಪ್ಪು ನನ್ನದು ಅನ್ನೋ ತಿಳುವಳಿಕೆ, ಕಳೆಯೋದು ಕೂಡೋದು, ಇಷ್ಟು ವರ್ಷ ಆಯ್ತಲ್ಲ ಸ್ವಲ್ಪ ಸೇರಿಸಿ ಕೊಡೋಣ ಅನ್ನೋ ನ್ಯಾಯ, ನನಗೆ ಅರ್ಥ ಮಾಡಿಸೋಕೆ ಯಾವ ಪುಸ್ತಕ ಯಾವ ಪುಟ ಅನ್ನೋ ಉಪಾಯ. ಒಂದೇ ಒಂದು ಪದ ಇಲ್ದೆ. ನಾನು ಮಾರನೇ ದಿನ ಹೋಗಿ ಆಯಮ್ಮಂಗೆ ದುಡ್ಡು ಕೊಟ್ಟೆ, ಅವ್ರಿಗೆ ನೆನಪೇ ಇರ್ಲಿಲ್ಲ, ಬೇಡ ಬೇಡ ಅಂತ ಅತ್ತ್ರು.

ಮಾತಿಲ್ದೆ ಯೋಚ್ನೆ ಆಗತ್ತಾ ಅನ್ನೋದು ದೊಡ್ಡ ದೊಡ್ಡೋರೆಲ್ಲ ಜಗಳ ಆಡಿರೋ ಪ್ರಶ್ನೆ. ನಮ್ಮ ತಲೆ ಒಳಗೆ ಸದಾ ಮಾತು ಓಡ್ತಿರೋದ್ರಿಂದ ಮಾತೇ ಯೋಚ್ನೆ ಅಂತ ಅನ್ನಿಸ್ಬಿಡತ್ತೆ. 2005ರಲ್ಲಿ ಇಂಗ್ಲೆಂಡಲ್ಲಿ ರೋಸ್ಮರಿ ವಾರ್ಲಿ ಮತ್ತೆ ಅವ್ರ ಜೊತೆಯೋರು ಅಪ್ಪನ ಥರ ಜೋರಾಗಿ ಅಫೇಸಿಯಾ ಆಗಿರೋ ಮೂರು ಜನಕ್ಕೆ ಲೆಕ್ಕ ಕೊಟ್ಟು ನೋಡಿದ್ರು. ಯಾರು ಯಾರನ್ನ ಕೊಂದ್ರು ಅನ್ನೋ ಥರದ ವಾಕ್ಯ ಅವ್ರಿಗೆ ತಿರುವು ಮುರುವಾಗತ್ತೆ, ಮನುಷ್ಯ ಸಿಂಹನ ಕೊಂದ ಅನ್ನೋದಕ್ಕೂ ಸಿಂಹ ಮನುಷ್ಯನ್ನ ಕೊಂತು ಅನ್ನೋದಕ್ಕೂ ವ್ಯತ್ಯಾಸ ಸಿಗಲ್ಲ, ಆದ್ರೆ ಹನ್ನೊಂದರಲ್ಲಿ ಐದು ಕಳೆಯೋದಕ್ಕೂ ಐದರಲ್ಲಿ ಹನ್ನೊಂದು ಕಳೆಯೋದಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತು, ಆವರಣ ಹಾಕಿರೋ ಲೆಕ್ಕನೂ ಮಾಡ್ತಾರೆ. ಎವೆಲಿನಾ ಫೆಡೊರೆಂಕೊ ಅನ್ನೋರು ಮೆದುಳು ಸ್ಕ್ಯಾನ್ ಮಾಡಿ ನೋಡಿದ್ರಲ್ಲೂ ಹಿಂಗೇ, ಮಾತು ಕೇಳ್ದಾಗ ಉರಿಯೋ ಜಾಗಗಳು ಲೆಕ್ಕ ಮಾಡ್ವಾಗ ಹೆಚ್ಚುಕಮ್ಮಿ ಸುಮ್ನಿರತ್ತೆ. 2022ರಲ್ಲಿ ಅವ್ರ ತಂಡ 12 ಭಾಷಾ ಕುಟುಂಬದ 45 ಭಾಷೆ ಮಾತಾಡೋರನ್ನ ನೋಡಿತ್ತು, ಎಲ್ಲರಲ್ಲೂ ಮಾತಿನ ಜಾಗ ಎಡಗಡೆ ಹತ್ರ ಹತ್ರ ಒಂದೇ ಕಡೆ. ಮಾತು ಯೋಚ್ನೆಗೆ ಎಷ್ಟು ಸಹಾಯ ಮಾಡತ್ತೆ ಅನ್ನೋದ್ರ ಬಗ್ಗೆ ಇನ್ನೂ ವಾದ ನಡೀತಿದೆ, ನಡೀಲಿ. ನಮ್ಮ ಮನೇಲಿ ಮಾತ್ರ ಆ ಟ್ರಂಕ್ ತೆಗೆದ ರಾತ್ರಿಗೆ ತೀರ್ಮಾನ ಆಯ್ತು.

ಅಪ್ಪಂಗೂ ವಾಕ್ಯ ತಿರುವು ಮುರುವಾಗತ್ತೆ. ವಾರಕ್ಕೊಂದ್ಸಲ ಹಾಸನಕ್ಕೆ ಸ್ಪೀಚ್ ಥೆರಪಿಗೆ ಬರ್ತೀವಿ, ಅಲ್ಲಿನ ಮೇಡಂ ಮೈಸೂರಿನ ವಾಕ್ ಶ್ರವಣ ಸಂಸ್ಥೆಲಿ ಓದಿದೋರು, ತುಂಬಾ ತಾಳ್ಮೆ. ಒಂದಿನ ಎರಡು ಚಿತ್ರ ಇಟ್ರು, ಒಂದ್ರಲ್ಲಿ ನಾಯಿ ಬೆಕ್ಕನ್ನ ಓಡಿಸ್ತಿದೆ, ಇನ್ನೊಂದ್ರಲ್ಲಿ ಬೆಕ್ಕು ನಾಯಿನ ಓಡಿಸ್ತಿದೆ. "ನಾಯಿನ ಬೆಕ್ಕು ಓಡಿಸ್ತು, ಯಾವ್ದು ತೋರ್ಸಿ ಸಾರ್" ಅಂದ್ರು. ಅಪ್ಪ ತಕ್ಷಣ ನಾಯಿ ಓಡಿಸೋ ಚಿತ್ರ ತೋರಿಸಿದ್ರು. ಅಲ್ಲಿ ಕೂತಾಗ ಹೊಳೀತು ನನಗೆ, ಕನ್ನಡದಲ್ಲಿ ಪದ ಹಿಂದೆ ಮುಂದೆ ಹೆಂಗ್ ಬೇಕಾದ್ರೂ ಇಡಬಹುದು, ಯಾರು ಓಡಿಸಿದ್ದು ಯಾರು ಓಡಿದ್ದು ಅನ್ನೋ ಇಡೀ ಭಾರನ ಹೊತ್ಕೊಂಡಿರೋದು ‘ನಾಯಿನ’ ಅನ್ನೋದ್ರ ಕೊನೇಲಿರೋ ಪುಟ್ಟ ‘ನ’ ಒಂದೇ. ನಾವು ದಿನಕ್ಕೆ ಸಾವಿರ ಸಲ ಹೇಳ್ತೀವಿ, ಗಮನ ಸಹ ಇರಲ್ಲ. ಅಪ್ಪನ ಕಿವಿಗೆ ಆ ‘ನ’ ಬಿದ್ರೂ ಅದು ಏನು ಹೇಳತ್ತೆ ಅನ್ನೋದು ಸೋರಿ ಹೋಗ್ತಿದೆ. ಅದೇ ನಾಯಿ ಬೆಕ್ಕಿನ ಬದಲು "ಅನ್ನನ ನಾಯಿ ತಿಂತು" ಅಂದ್ರೆ ತಪ್ಪೇ ಇಲ್ಲ, ಯಾಕಂದ್ರೆ ಅನ್ನ ನಾಯಿನ ತಿನ್ನಲ್ಲ ಅಂತ ಅವ್ರಿಗೆ ಗೊತ್ತು. ಲೋಕಜ್ಞಾನ ಪೂರ್ತಿ ಇದೆ, ವಿಭಕ್ತಿ ಕಳಚಿದೆ.

ಇನ್ನೊಂದು ಆಶ್ಚರ್ಯ ಅಂದ್ರೆ ಎಣಿಕೆ. ಎರಡು ಅಂತ ಹೇಳಿ ಅಂದ್ರೆ ಅಪ್ಪಂಗೆ ಬರಲ್ಲ, ತುಟಿ ಒದ್ದಾಡತ್ತೆ, ಹಣೆ ಬೆವರತ್ತೆ, ಕೊನೆಗೆ "ಅದೇ". ಒಂದಿನ ಅಮ್ಮ ಪಡಸಾಲೇಲಿ ಅಕ್ಕಿ ಅಳೀತಿದ್ರು, ಪಾವಲ್ಲಿ ಮೊದಲನೇದು ಹಾಕ್ತಾ ಅಭ್ಯಾಸದಂಗೆ "ಲಾಭ" ಅಂದ್ರು, ಗೋಡೆಗೆ ಒರಗಿ ಕೂತಿದ್ದ ಅಪ್ಪ "ಲಾಭ... ಎರಡು, ಮೂರು, ನಾಲ್ಕು, ಐದು" ಅಂತ ಹನ್ನೆರಡರ ತನಕ ಹೋಗ್ಬಿಟ್ರು! ಒಂದು ಅನ್ನಬಾರದು ಲಾಭ ಅನ್ಬೇಕು ಅಂತ ಚಿಕ್ಕಂದಿನಿಂದ ಕಣದಲ್ಲಿ ಕಲ್ತಿದ್ದು. ನಾವು ಮೂರೂ ಜನ ಅತ್ತ್ವಿ ಅವತ್ತು. ಹಂಗಂತ ಆರಕ್ಕೆ ನಿಲ್ಸಿ ಮತ್ತೆ ಆರು ಹೇಳಿ ಅಂದ್ರೆ ಇಲ್ಲ. ಮೇಡಂ ಹೇಳಿದ್ರು, ಸರಣಿಯಾಗಿ ಬಾಯಿಪಾಠ ಆಗಿರೋದು, ಎಣಿಕೆ, ವಾರದ ಹೆಸರು, ಮಂತ್ರ, ಬೈಗುಳ, ಹಾಡು, ಇವೆಲ್ಲ ಹೊಸದಾಗಿ ವಾಕ್ಯ ಕಟ್ಟೋ ದಾರಿಲಿ ಬರಲ್ಲ, ಬೇರೆ ದಾರಿ ಅಂತ, ಬಲ ಮೆದುಳು ಮತ್ತೆ ಆಳದಲ್ಲಿರೋ ಹಳೇ ಭಾಗಗಳ ಕೈವಾಡ ಇದ್ರಲ್ಲಿ ಜಾಸ್ತಿ. ಲೆಬೋರ್ನ್ಯನ ಬೈಗುಳ ನೆನಪಾಯ್ತು ನನಗೆ. ಹಾಡಿನ ಈ ದಾರಿನೇ ಹಿಡ್ಕೊಂಡು 1973ರಲ್ಲಿ ಬೋಸ್ಟನ್ನಿನ ಡಾಕ್ಟರುಗಳು ಒಂದು ಥೆರಪಿ ಮಾಡಿದ್ರು, ಮಾತನ್ನ ಎರಡು ಸ್ವರದಲ್ಲಿ ಎಳೆದು ಹಾಡೋದು, ಹಾಡ್ತಾ ಎಡಗೈಲಿ ತಾಳ ಹಾಕೋದು. ಅಪ್ಪ ನಮ್ಮೂರ ಸುಗ್ಗಿಲಿ ಪದ ಹೇಳ್ತಿದ್ದೋರು, ಪದ ಹಚ್ಚಿದ್ರೆ ಈಗ್ಲೂ ಎರಡು ಸಾಲು ಪೂರ್ತಿ, ಸ್ಪಷ್ಟವಾಗಿ ಬರತ್ತೆ. ಅದೇ ಮಟ್ಟಲ್ಲಿ ಮೇಡಂ "ಕಾ-ಫಿ ಬೇ-ಕು" ಸೇರಿಸಿದ್ರು, ತೊಡೆ ಮೇಲೆ ಎಡಗೈ ತಟ್ಟಿಸ್ತಾ. ಏಳು ವಾರ ಹಿಡೀತು. ಎಂಟನೇ ವಾರ ಅಡುಗೆಮನೆ ಬಾಗಿಲಿಗೆ ಬಂದು ಅಮ್ಮನ ಹತ್ರ ತಾವಾಗೇ ಕೇಳಿದ್ರು, ಸುಗ್ಗಿ ಮಟ್ಟಲ್ಲಿ, ಕಾಫಿ ಬೇಕು.

ತುಳು ಕಥೆನೂ ಹೇಳ್ಬೇಕು. ಅಪ್ಪನ ಜೊತೆ ಕೆಲಸ ಮಾಡಿದ್ದ ಮೇಸ್ತ್ರಿ ಒಬ್ರು ಬೆಳ್ತಂಗಡಿ ಕಡೆಯೋರು, ವಯಸ್ಸಾಗಿದೆ, ನೋಡೋಕೆ ಬಂದ್ರು, ಮೆಟ್ಟಿಲು ಹತ್ತೋವಾಗ್ಲೇ ಅಪ್ಪ ಎಡಗೈ ಎತ್ತಿ "ಬಲೆ" ಅಂದ್ರು. ಬನ್ನಿ ಅಂತ. ಕನ್ನಡದ ಬನ್ನಿ ಇನ್ನೂ ಬಂದಿರ್ಲಿಲ್ಲ. ಎರಡು ಮೂರು ಭಾಷೆ ಬಲ್ಲೋರಿಗೆ ಸ್ಟ್ರೋಕ್ ಆದ್ರೆ ಯಾವ್ದು ಮೊದಲು ವಾಪಸ್ ಬರತ್ತೆ ಅಂತ ಫ್ರಾನ್ಸಲ್ಲಿ 1800ರ ಕೊನೆ ದಶಕಗಳಲ್ಲೇ ವಾದ ಇತ್ತು, ರಿಬೊ ಅನ್ನೋರು ಮೊದಲು ಕಲ್ತಿದ್ದು ಅಂದ್ರು, ಪಿತ್ರ್ ಅನ್ನೋರು 1895ರಲ್ಲಿ ಇಲ್ಲ ಜಾಸ್ತಿ ಬಳಸ್ತಿದ್ದಿದ್ದು ಅಂದ್ರು. ಸುಮಾರು ಜನಕ್ಕೆ ಎಲ್ಲಾ ಭಾಷೆನೂ ಹೆಚ್ಚುಕಮ್ಮಿ ಒಟ್ಟಿಗೇ ಸುಧಾರಿಸತ್ತೆ, ಯಾಕಂದ್ರೆ ಒಂದೊಂದು ಭಾಷೆಗೂ ಮೆದುಳಲ್ಲಿ ಬೇರೆ ಬೇರೆ ಕೋಣೆ ಇಲ್ಲ, ಬಹುಮಟ್ಟಿಗೆ ಒಂದೇ ಜಾಗದಲ್ಲಿ ಎಲ್ಲಾ ಇರತ್ತೆ. ಅಪ್ಪಂದು ಇವೆರಡೂ ಲೆಕ್ಕಕ್ಕೆ ಸಿಗಲ್ಲ, ತುಳು ಮೊದಲು ಕಲ್ತಿದ್ದೂ ಅಲ್ಲ, ಕನ್ನಡಕ್ಕಿಂತ ಜಾಸ್ತಿ ಆಡಿದ್ದೂ ಅಲ್ಲ. ಮುಖ ನೋಡಿದ್ರು, ಆ ಮುಖದ ಜೊತೆ ಅಂಟ್ಕೊಂಡಿದ್ದ ಪದ ಬಂತು, ನನಗೆ ಅನ್ನಿಸೋದು ಅಷ್ಟೇ.

ಇಷ್ಟರ ಮಧ್ಯೆ ಅಕ್ಕನ ಮಗ ನಮ್ಮನೇಲೇ ಇದಾನೆ, ಮೂರು ವರ್ಷ. ಒಂದೇ ಜಗಲಿ ಮೇಲೆ ಅಜ್ಜ ಮೊಮ್ಮಗ ಇಬ್ರೂ ಕನ್ನಡ ಕಲೀತಿದಾರೆ, ಆದ್ರೆ ಕಲಿಯೋ ರೀತಿ ಎಷ್ಟು ಬೇರೆ ಅಂದ್ರೆ ನೋಡಿದ್ರೆ ಹೊಟ್ಟೆ ಉರಿಯತ್ತೆ. ಅಪ್ಪ ಎರಡು ಪದಕ್ಕೆ ಎಂಟು ವಾರ, ಇವನು ಕೇಳಿದ್ದೆಲ್ಲ ಬಾಚ್ಕೊಳ್ತಾನೆ, ಯಾರೂ ಕೂರಿಸಿ ಕಲಿಸಿಲ್ಲ. ಹುಟ್ಟೋ ಮುಂಚೆನೇ ಶುರು ಆಗಿರತ್ತಂತೆ, ಹೊಟ್ಟೇಲಿರೋ ಕೊನೇ ತಿಂಗಳುಗಳಲ್ಲಿ ಮಗೂಗೆ ಅಮ್ಮನ ಮಾತಿನ ಏರಿಳಿತ ಕೇಳಿಸತ್ತೆ, 1988ರಲ್ಲಿ ಫ್ರಾನ್ಸಲ್ಲಿ ನೋಡಿದಾಗ ನಾಲ್ಕು ದಿನದ ಮಕ್ಕಳೇ ತಮ್ಮ ಭಾಷೆ ಯಾವ್ದು ಬೇರೆಯೋರ ಭಾಷೆ ಯಾವ್ದು ಅಂತ ಗುರ್ತು ಹಿಡಿದ್ವು. ನನಗೆ ತುಂಬಾ ಇಷ್ಟ ಆಗಿದ್ದು 1984ರ ಒಂದು ಅಧ್ಯಯನ, ಕೆನಡಾದ ಜಾನೆಟ್ ವರ್ಕರ್ ಮತ್ತೆ ರಿಚರ್ಡ್ ಟೀಸ್ ಅವ್ರದ್ದು. ತಟ್ಟೆ ಅನ್ನಿ ಒಂದ್ಸಲ. ಮೊದಲನೇ ‘ತ’ಕ್ಕೆ ನಾಲಿಗೆ ಹಲ್ಲಿಗೆ ತಾಗತ್ತೆ, ‘ಟ’ಕ್ಕೆ ಮಡಚಿ ಮೇಲೆ ಹೋಗತ್ತೆ. ನಮಗೆ ಹಗಲು ರಾತ್ರಿ ವ್ಯತ್ಯಾಸ, ಇಂಗ್ಲಿಷ್ ಒಂದೇ ಬರೋ ದೊಡ್ಡೋರಿಗೆ ಎರಡೂ ಒಂದೇ ಥರ ಕೇಳತ್ತೆ. ಹಿಂದಿಯ ಇಂಥದ್ದೇ ತ-ಟ ಜೋಡಿನ ಇಂಗ್ಲಿಷ್ ಮನೆ ಮಕ್ಕಳಿಗೆ ಕೇಳಿಸಿದ್ರು. ಆರರಿಂದ ಎಂಟು ತಿಂಗಳ ಕೂಸುಗಳಿಗೆ ವ್ಯತ್ಯಾಸ ಸಿಕ್ತು. ಹತ್ತರಿಂದ ಹನ್ನೆರಡು ತಿಂಗಳಿಗೆ ಬಂದ್ರೆ ಬಹುಪಾಲು ಮಕ್ಕಳಿಗೆ ಇಲ್ಲ. ಅಂದ್ರೆ ಯಾವ ಊರಲ್ಲಿ ಹುಟ್ಟಿದ್ರೂ ಮಗು ಎಲ್ಲಾ ಭಾಷೆಗೂ ಕಿವಿ ತೆರ್ಕೊಂಡು ಬಂದಿರತ್ತೆ, ವರ್ಷ ತುಂಬೋಷ್ಟ್ರಲ್ಲಿ ತನ್ನ ಮನೆಗೆ ಬೇಕಾದ್ದು ಇಟ್ಕೊಂಡು ಬೇಡದ್ದಕ್ಕೆ ಕಿವಿ ಮಂದ ಮಾಡ್ಕೊಳ್ಳತ್ತೆ. ನಮ್ಮ ಹುಡುಗ ತಟ್ಟೆನ ತತ್ತೆ ಅಂತಿದ್ದ ಎರಡು ವರ್ಷದ ತನಕ, ಆದ್ರೆ ನಾವು ತಮಾಷೆಗೆ ತತ್ತೆ ಅಂದ್ರೆ ಸಿಟ್ಟು ಬರ್ತಿತ್ತು ಅವನಿಗೆ.

ಇದು ಹುಟ್ಟಿನಿಂದ ಬರೋದಾ, ಕೇಳಿ ಕಲಿಯೋದಾ ಅಂತ ಕೇಳ್ತಾರೆ. ನೋಮ್ ಚಾಮ್ಸ್ಕಿ ಅನ್ನೋ ಭಾಷಾವಿಜ್ಞಾನಿ ಹುಟ್ಟಿಂದು ಅಂತಾರೆ, ಮಗೂಗೆ ಕೇಳೋಕೆ ಸಿಗೋ ಮಾತು ಅಷ್ಟು ದೊಡ್ಡ ವ್ಯಾಕರಣ ಕಲಿಯೋಕೆ ಸಾಲದು ಅಂತ. 1996ರಲ್ಲಿ ಜೆನ್ನಿ ಸ್ಯಾಫ್ರನ್ ಮತ್ತೆ ಸಂಗಡಿಗರು ಎಂಟು ತಿಂಗಳ ಮಕ್ಕಳಿಗೆ ಎರಡೇ ನಿಮಿಷ ನಿಲ್ಲದ ಅರ್ಥ ಇಲ್ಲದ ಸದ್ದು ಕೇಳಿಸಿ, ಯಾವ ಸದ್ದಿನ ಹಿಂದೆ ಯಾವ್ದು ಬರತ್ತೆ ಅನ್ನೋ ಲೆಕ್ಕ ಹಿಡಿದೇ ಅವು ಪದ ಬಿಡಿಸ್ಕೊಳ್ತಾವೆ ಅಂತ ತೋರಿಸಿದ್ರು. ಲಂಡನ್ನಿನ ಒಂದು ಕುಟುಂಬದಲ್ಲಿ ಮೂರು ತಲೆಮಾರು, ಅರ್ಧದಷ್ಟು ಜನಕ್ಕೆ ಮಾತಿನ ತೊಂದರೆ, 2001ರಲ್ಲಿ ಅದಕ್ಕೆ ಫಾಕ್ಸ್‌ಪಿ2 ಅನ್ನೋ ಜೀನ್ ಕೆಟ್ಟಿರೋದು ಕಾರಣ ಅಂತ ಸಿಕ್ತು, ಪೇಪರಲ್ಲೆಲ್ಲ ಭಾಷೆಯ ಜೀನ್ ಅಂತ ಬರೆದ್ರು, ಇಲಿಗೂ ಇದೆ ಹಕ್ಕಿಗೂ ಇದೆ ಆ ಜೀನ್, ಒಂದೇ ಜೀನಲ್ಲಿ ಭಾಷೆ ಕೂತಿಲ್ಲ. ಇನ್ನು ನಿಕರಾಗ್ವಾ ದೇಶದಲ್ಲಿ 1977ರ ನಂತರ ಮೊದಲ ಸಲ ಕಿವುಡ ಮಕ್ಕಳನ್ನ ಸ್ಕೂಲಲ್ಲಿ ಒಟ್ಟು ಸೇರಿಸಿದ್ರು, ಟೀಚರುಗಳು ಸ್ಪ್ಯಾನಿಷ್ ತುಟಿ ನೋಡಿ ಕಲೀರಿ ಅಂತ ಹೇಳ್ಕೊಡ್ತಿದ್ರೆ ಮಕ್ಕಳು ಆಟದ ಬಯಲಲ್ಲಿ, ಬಸ್ಸಲ್ಲಿ ತಾವೇ ಒಂದು ಸನ್ನೆ ಭಾಷೆ ಕಟ್ಕೊಂಡ್ವು, ಆಮೇಲೆ ಬಂದ ಪುಟ್ಟ ಮಕ್ಕಳು ಅದಕ್ಕೆ ಇನ್ನೂ ಬಿಗಿಯಾದ ವ್ಯಾಕರಣ ಕೊಟ್ಟ್ವು. ಯಾರೂ ಕಲಿಸದ ಭಾಷೆ. ಆದ್ರೆ ಒಂಟಿಯಾಗಿ ಮನೇಲಿದ್ದಾಗ ಆ ಮಕ್ಕಳಿಗೆ ಅದು ಹುಟ್ಟಿರ್ಲಿಲ್ಲ, ಜೊತೆ ಸಿಕ್ಕಿದ್ಮೇಲೆ ಹುಟ್ಟಿದ್ದು. ನನ್ನ ಮಟ್ಟಿಗೆ ಎರಡೂ ಬೇಕು, ಒಳಗಿನ ಹಸಿವೂ ಬೇಕು, ಎದುರಿಗೆ ಒಂದು ಮುಖನೂ ಬೇಕು.

ನಮ್ಮ ಹುಡುಗ ಗಿಣಿ ಥರ ಒಪ್ಪಿಸ್ತಿಲ್ಲ ಅಂತ ಗೊತ್ತಾಗೋದು ಅವನ ತಪ್ಪಲ್ಲಿ. ಎರಡು ವರ್ಷದಲ್ಲಿ "ಅಜ್ಜಿ ಕೊಟ್ಲು" ಅಂತ ಸರಿಯಾಗೇ ಹೇಳ್ತಿದ್ದ, ಕೇಳಿದ್ದನ್ನೇ ಹೇಳೋ ಕಾಲ ಅದು. ಈಗ ಮೂರಕ್ಕೆ ಬಂದ್ಮೇಲೆ "ಅಜ್ಜಿ ಕೊಡಿದ್ಳು", "ನಾನು ಬೀಳಿದೆ". ಮನೇಲಿ ಯಾರೂ ಕೊಡಿದ್ಳು ಅನ್ನಲ್ಲ. ಮಾಡು ಮಾಡಿದೆ, ಓಡು ಓಡಿದೆ, ಹಾಡು ಹಾಡಿದೆ, ಹಂಗಾದ್ರೆ ಕೊಡು ಕೊಡಿದೆ ಅಂತ ತಾನೇ ನಿಯಮ ಕಂಡ್ಕೊಂಡಿದಾನೆ. ಅಕ್ಕ ಹಿಂದಕ್ಕೆ ಹೋಗ್ತಿದಾನೆ ಅಂತ ಹೆದರಿದ್ಲು, ಇಲ್ಲ ಕಣೇ, ಮುಂದಕ್ಕೆ ಹೋಗ್ತಿರೋದು ಅಂತ ನಾನಂದೆ. ಬೇರೆ ಎಷ್ಟೋ ಭಾಷೆ ಮಕ್ಕಳೂ ಹಿಂಗೇ ಒಂದ್ಸಲ ಸರಿ, ಆಮೇಲೆ ತಪ್ಪು, ಮತ್ತೆ ಸರಿ.

ಥೆರಪಿ ಶುರುವಾದಾಗಿಂದ ಅಪ್ಪನ ಹಳೇ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಪುಟದಲ್ಲಿ ನಾನು ಅವ್ರ ಪದ ಬರೆದಿಡ್ತಿದೀನಿ, ತಾರೀಕು, ಪದ, ಯಾರ ಹತ್ರ ಅಂದ್ರು. ಹಾಜರಿ ಥರ. ಬಲೆ, ಕಾಫಿ ಬೇಕು, ಸಾಕು, ಮಳೆ, ಅಮ್ಮನ ಹೆಸರು, ನಾಯಿ ಹೆಸರು. ನನ್ನ ಹೆಸರು ಇನ್ನೂ ಬಂದಿಲ್ಲ, ಬೆಳಿಗ್ಗೆ ಎದ್ದು ಮುಖ ನೋಡಿದ ತಕ್ಷಣ ನಗ್ತಾರೆ, ಅದು ಸಾಕು ಸದ್ಯಕ್ಕೆ. ಹೆಚ್ಚಿನ ಸುಧಾರಣೆ ಮೊದಲ ಕೆಲವು ತಿಂಗಳಲ್ಲೇ ಆಗೋದು ಅಂತಾರೆ, ಆದ್ರೆ ವರ್ಷ ಕಳೆದ್ಮೇಲೂ ಪದ ಬರೋದು ನಿಲ್ಲಲ್ಲ ಅಂತ ಮೇಡಂ ಹೇಳಿದಾರೆ, ಪುಸ್ತಕದಲ್ಲೂ ಹಂಗೇ ಕಾಣ್ತಿದೆ.

ಮೊನ್ನೆ ಭಾನುವಾರ ಅಪ್ಪ ಜೇಬಿಂದ ಒಂದು ಶುಂಠಿ ಪೆಪ್ಪರ್ಮಿಂಟ್ ತೆಗೆದು ಹುಡುಗನಿಗೆ ಕೊಟ್ರು. ಅವನು ಒಳಗೆ ಓಡಿ ಬಂದು "ಅಜ್ಜ ಕೊಡಿದ್ರು, ಅಜ್ಜ ಕೊಡಿದ್ರು" ಅಂತ ತೋರಿಸ್ದ. ಜಗಲಿಯಿಂದ ಜೋರಾಗಿ ಒಂದು ದನಿ ಬಂತು, ಹಾಜರಿ ತಪ್ಪಿದಾಗ ಕೂಗ್ತಿದ್ದ ಹಳೇ ದನಿ, "ಕೊಟ್ರು!"

ಹುಡುಗ ತಿರುಗಿ ನೋಡಿ "ಹ್ಞೂಂ, ಕೊಡಿದ್ರು" ಅಂದು ಪೆಪ್ಪರ್ಮಿಂಟ್ ಬಾಯಿಗೆ ಹಾಕ್ಕೊಂಡ. ನಾನು ಕೈ ಒರೆಸ್ಕೊಂಡು ಪುಸ್ತಕ ತೆಗೆದು ಬರೆದೆ, ಭಾನುವಾರ, ಕೊಟ್ರು, ಮೊಮ್ಮಗನ ಹತ್ರ.